080 ಉಳಿಯಿತು, 011 ಕೆಟ್ಟಿತು

ಒಂದು ಕಂಪನಿಯ ಶಾಖೆಗಳ ಪಟ್ಟಿಯನ್ನು ಯಾಮಲ್ (YAML) ಫೈಲಿನಲ್ಲಿ ಇಟ್ಟಿದ್ದೆವು. ಮಾಹಿತಿಯನ್ನು ಜನರೂ ಪ್ರೋಗ್ರಾಮುಗಳೂ ಓದುವಂತೆ ಬರೆದಿಡುವ ಒಂದು ಸರಳ ರೀತಿ ಅದು. ಊರು, ಎಸ್‌ಟಿಡಿ ಕೋಡ್, ಬಾಗಿಲು ತೆರೆಯುವ ಸಮಯ, ಇಷ್ಟೇ. ಅದನ್ನು ತಿದ್ದುತ್ತಿದ್ದವರು ಆಫೀಸಿನ ಸಿಬ್ಬಂದಿ, ಪ್ರೋಗ್ರಾಮರ್‌ಗಳಲ್ಲ. ಯಾಮಲ್‌ನಲ್ಲಿ ಬ್ರಾಕೆಟ್ಟುಗಳ ಕಾಟವಿಲ್ಲ, ನೋಡಿದ ಕೂಡಲೇ ಅರ್ಥವಾಗುತ್ತದೆ. ಅದಕ್ಕೇ ಆರಿಸಿಕೊಂಡಿದ್ದೆವು.

ಬೆಂಗಳೂರಿನ 080 ಸರಿಯಾಗಿ ಬಂತು. ಮೈಸೂರಿನ 0821 ಕೂಡ. ದೆಹಲಿ ಶಾಖೆ ಸೇರಿಸಿದ ದಿನ 011 ಹೋಗಿ 9 ಆಯಿತು. ಮುಂಬೈನ 022 ಆಗಿದ್ದು 18!

ಯಾಮಲ್ 1.1ರಲ್ಲಿ ಸೊನ್ನೆಯಿಂದ ಶುರುವಾಗುವ ಸಂಖ್ಯೆ ಎಂದರೆ ಆಕ್ಟಲ್, ಅಂದರೆ ಎಂಟರ ಲೆಕ್ಕ. ಆ ಲೆಕ್ಕದಲ್ಲಿ 011 ಎಂದರೆ ಒಂದು ಎಂಟು, ಮತ್ತೊಂದು ಒಂದು, ಅಂದರೆ 9. ಅದರಲ್ಲಿ 0ರಿಂದ 7ರವರೆಗಿನ ಅಂಕಿಗಳು ಮಾತ್ರ ಇರುತ್ತವೆ. 080ರಲ್ಲಿ 8 ಇರುವುದರಿಂದ ಅದು ಬರೀ ಅಕ್ಷರಗಳಾಗಿ ಉಳಿಯಿತು. ಕರ್ನಾಟಕದ ಕೋಡ್‌ಗಳೆಲ್ಲ 08ರಿಂದಲೇ ಶುರು ಅಲ್ವಾ? ಹಾಗಾಗಿ ನಮ್ಮ ಟೆಸ್ಟುಗಳಲ್ಲಿ ತಪ್ಪು ಸಿಕ್ಕಿರಲೇ ಇಲ್ಲ. ಸಮಯದ್ದೂ ಅದೇ ಕಥೆ. 09:30 ಹಾಗೇ ಇತ್ತು, 10:30 ಮಾತ್ರ ಅರವತ್ತರ ಲೆಕ್ಕಕ್ಕೆ ಸಿಕ್ಕಿ (ಹತ್ತು ಅರವತ್ತು, ಜೊತೆಗೆ ಮೂವತ್ತು) 630 ಆಗಿತ್ತು. 2009ರ ಯಾಮಲ್ 1.2 ಈ ಎರಡು ನಿಯಮಗಳನ್ನೂ ಕೈಬಿಟ್ಟಿತು. ಆದರೆ ಅದರಲ್ಲೂ 011 ಎಂದು ಬರೆದರೆ ಸಿಗುವುದು 11, ಸೊನ್ನೆ ಮಾಯ. ನಾವು ಯಾಮಲ್ ಓದಲು ಬಳಸುತ್ತಿದ್ದ ಪೈಥಾನ್ ಭಾಷೆಯ ಲೈಬ್ರರಿ ಪೈಯಾಮಲ್ ಅಂತೂ 1.1ರ ನಿಯಮಗಳನ್ನೇ ಪಾಲಿಸುತ್ತದೆ.

ಅವಸರದಲ್ಲಿ ನಾವು ಮಾಡಿದ್ದು ತೇಪೆ ಕೆಲಸ. ಕೋಡ್ ಬಳಸುವ ಕಡೆಯಲ್ಲೆಲ್ಲ 'ಇದು ಸಂಖ್ಯೆಯಾಗಿದ್ದರೆ ವಾಪಸ್ ತಿರುಗಿಸು' ಎಂದು ಬರೆದೆವು. ಬಿಲ್ಲಿನಲ್ಲಿ ಒಂದು, ವರದಿಯಲ್ಲಿ ಒಂದು, ಎಸ್‌ಎಂಎಸ್ ಕಳಿಸುವಲ್ಲಿ ಇನ್ನೊಂದು. ಫೈಲು ಚೆಂದವಾಗಿತ್ತು, ಅದರ ಕೊಳೆಯೆಲ್ಲ ಪ್ರೋಗ್ರಾಮಿನ ತುಂಬ ಹರಡಿತ್ತು. ಮಾಹಿತಿ ಬರೆದಿಡುವ ಇನ್ನೊಂದು ರೀತಿಯಾದ ಜೇಸನ್‌ಗೆ (JSON) ಹೋಗೋಣ ಎಂದರು ಕೆಲವರು. ಅದು ಕಟ್ಟುನಿಟ್ಟು, ನಿಜ. ಆದರೆ ಅದರಲ್ಲಿ ಟಿಪ್ಪಣಿ ಬರೆಯಲು ಜಾಗವಿಲ್ಲ. ಕೊನೆಯಲ್ಲಿ ಒಂದು ಕಾಮಾ ಜಾಸ್ತಿಯಾದರೂ ಇಡೀ ಫೈಲು ಓದಿಸಿಕೊಳ್ಳುವುದಿಲ್ಲ. ನಮ್ಮ ಕಷ್ಟ ತಪ್ಪಿಸಿಕೊಳ್ಳಲು ಸಿಬ್ಬಂದಿಯ ತಲೆಗೆ ಅದನ್ನು ಕಟ್ಟುವುದು ನನಗೆ ಒಪ್ಪಿಗೆಯಾಗಲಿಲ್ಲ.

ಕೊನೆಗೆ ಫೈಲನ್ನು ಹಾಗೇ ಬಿಟ್ಟು, ಓದುವ ಕೆಲಸವನ್ನೆಲ್ಲ ಪ್ರೋಗ್ರಾಮಿನ ಒಂದೇ ತುಣುಕಿಗೆ, ಅಂದರೆ ಒಂದೇ ಫಂಕ್ಷನ್ನಿಗೆ ತಂದೆವು. ಪೈಯಾಮಲ್‌ನಲ್ಲಿ ಬೇಸ್‌ಲೋಡರ್ ಎಂಬುದಿದೆ. ಅದು ಸಂಖ್ಯೆ, ಸಮಯ ಎಂದೆಲ್ಲ ಊಹೆ ಮಾಡದೆ ಪ್ರತಿ ಮೌಲ್ಯವನ್ನೂ ಬರೆದ ಹಾಗೇ ಅಕ್ಷರಗಳಾಗಿ ಕೊಡುತ್ತದೆ. ಎಸ್‌ಟಿಡಿ ಕೋಡ್ ಯಾವಾಗಲೂ ಅಕ್ಷರ, ಸಮಯ ಯಾವಾಗಲೂ ಸಮಯ ಎಂದು ತೀರ್ಮಾನಿಸುವುದು ನಮ್ಮ ಫಂಕ್ಷನ್. ಅದು ಪರೀಕ್ಷಿಸಿ ಕೊಟ್ಟ 'ಶಾಖೆ' ಆಬ್ಜೆಕ್ಟನ್ನು ಉಳಿದ ಪ್ರೋಗ್ರಾಮು ಕಣ್ಣುಮುಚ್ಚಿ ನಂಬಬಹುದು. ಯಾಮಲ್ ಎಂಬುದೊಂದಿದೆ ಎಂದು ಅದಕ್ಕೆ ಗೊತ್ತಿರುವುದೂ ಬೇಡ. ತೇಪೆಗಳನ್ನೆಲ್ಲ ಅಳಿಸಿ ಹಾಕಿದೆವು.

ಮುಂದಿನ ವಾರ ಯಾರೋ ಸಮಯವನ್ನು 10.30 ಎಂದು ಚುಕ್ಕಿಯಿಟ್ಟು ಬರೆದಿದ್ದರು. ನಮ್ಮಲ್ಲಿ ಬಹಳ ಜನ ಕೈಬರಹದಲ್ಲಿ ಹಾಗೇ ಬರೆಯುತ್ತಾರಲ್ಲ! ಅದನ್ನೂ ಒಪ್ಪಿಕೊಳ್ಳಲು ಆ ಒಂದು ಫಂಕ್ಷನ್ನಿಗೆ ಎರಡು ಸಾಲು ಸೇರಿಸಿದೆವು, ಬೇರೆಲ್ಲೂ ಕೈಹಾಕಲಿಲ್ಲ.