ಮ್ಯಾಪ್ ನೋಡಿ ನೋಡಿ ದಾರಿಯೇ ಮರೆತುಹೋಗುತ್ತಿದೆಯಾ?

ಪ್ರಶ್ನೆ: ಬೆಂಗಳೂರಿಗೆ ಬಂದು ವರ್ಷಗಳೇ ಆದವು. ಈಗಲೂ ಮನೆಯಿಂದ ಆಫೀಸಿಗೆ ಹೊರಡುವಾಗ ಫೋನಿನಲ್ಲಿ ಮ್ಯಾಪ್ ಹಾಕಿಕೊಳ್ಳುತ್ತೇನೆ. ಮೊನ್ನೆ ಚಾರ್ಜ್ ಮುಗಿದು ಫೋನ್ ಆಫ್ ಆಯಿತು. ದಿನಾ ಓಡಾಡುವ ರಸ್ತೆಯಲ್ಲೇ ಎಡಕ್ಕೋ ಬಲಕ್ಕೋ ಗೊತ್ತಾಗದೆ ನಿಂತುಬಿಟ್ಟೆ. ಮ್ಯಾಪ್ ಜಾಸ್ತಿ ಬಳಸಿದರೆ ಮಿದುಳು ಮಂಕಾಗುತ್ತದೆ ಅನ್ನುವುದು ನಿಜವಾ? ಈ ವಯಸ್ಸಿನಲ್ಲಿ ಸರಿ ಮಾಡಿಕೊಳ್ಳಬಹುದಾ?

ಉತ್ತರ: ನೀವೊಬ್ಬರೇ ಅಲ್ಲ, ಈ ಪ್ರಶ್ನೆಯನ್ನು ತುಂಬಾ ಜನ ಕೇಳುತ್ತಾರೆ. ಮಿದುಳು ಮಂಕಾಗಿದೆ ಅಂತ ಹೆದರಬೇಕಾಗಿಲ್ಲ. ಆದರೆ ದಾರಿ ಕಲಿಯುವ ಕೆಲಸಕ್ಕೆ ಅದನ್ನು ಕರೆಯುವುದನ್ನೇ ನೀವು ಬಿಟ್ಟಿದ್ದೀರಿ. ಹೇಗೆ ಅಂತ ನೋಡೋಣ.

ಸ್ಕೂಟರಿನ ಹಿಂದೆ ಕೂತು ನೆಂಟರ ಮನೆಗೆ ಹತ್ತು ಸಲ ಹೋಗಿರುತ್ತೀರಿ. ಹನ್ನೊಂದನೇ ಸಲ ನೀವೇ ಓಡಿಸಿಕೊಂಡು ಹೋಗುವಾಗ ದಾರಿ ತಪ್ಪುತ್ತದೆ. ಮೊಬೈಲ್ ಬರುವ ಮೊದಲೂ ಹೀಗೇ ಆಗುತ್ತಿತ್ತು. ಕಣ್ಣು ಎಲ್ಲವನ್ನೂ ನೋಡಿದೆ, ಆದರೆ ಸರ್ಕಲ್ ಬಂದಾಗ ಯಾವ ಕಡೆ ತಿರುಗಬೇಕು ಅಂತ ಯೋಚಿಸಿದ್ದು ಮುಂದೆ ಕೂತವರು. ಮ್ಯಾಪ್ ಹಾಕಿಕೊಂಡು ಓಡಿಸುವಾಗಲೂ ಅಷ್ಟೇ. ಹ್ಯಾಂಡಲ್ ನಿಮ್ಮ ಕೈಯಲ್ಲಿದ್ದರೂ ನೀವು ಕೂತಿರುವುದು ಹಿಂದಿನ ಸೀಟಿನಲ್ಲೇ.

ಇದನ್ನು ಲಂಡನ್ನಿನ ಸಂಶೋಧಕರು ಮಿದುಳಿನ ಒಳಗೇ ಇಣುಕಿ ನೋಡಿದ್ದಾರೆ. ಹ್ಯೂಗೋ ಸ್ಪಯರ್ಸ್ ಅವರ ತಂಡ 24 ಜನರನ್ನು ಲಂಡನ್ನಿನ ಸೋಹೋ ಬಡಾವಣೆಯಲ್ಲಿ ಸುತ್ತಾಡಿಸಿ ರಸ್ತೆಗಳನ್ನು ಕಲಿಸಿತು. ಆಮೇಲೆ ಅವರನ್ನು ಸ್ಕ್ಯಾನರಿನಲ್ಲಿ ಮಲಗಿಸಿ, ಅದೇ ರಸ್ತೆಗಳ ವೀಡಿಯೊ ತೋರಿಸಿ ದಾರಿ ಹುಡುಕಲು ಹೇಳಿತು. ಕೆಲವು ದಾರಿಗಳಲ್ಲಿ ಅವರೇ ತೀರ್ಮಾನ ಮಾಡಬೇಕು, ಉಳಿದವುಗಳಲ್ಲಿ ಎಲ್ಲಿ ತಿರುಗಬೇಕೆಂದು ಯಂತ್ರವೇ ಹೇಳುತ್ತದೆ. ತಾವೇ ಹುಡುಕುವಾಗ, ಹೊಸ ರಸ್ತೆಗೆ ಕಾಲಿಟ್ಟ ಕ್ಷಣ ಹಿಪ್ಪೊಕ್ಯಾಂಪಸ್ ಅನ್ನುವ ಭಾಗದ ಚಟುವಟಿಕೆ ಜಿಗಿಯುತ್ತಿತ್ತು. ಮುಂದೆ ಕವಲುಗಳು ಹೆಚ್ಚಿದ್ದಷ್ಟೂ ಜಿಗಿತವೂ ಹೆಚ್ಚು. ಯಂತ್ರ ಹೇಳಿದಂತೆ ಹೋಗುವಾಗ ಆ ಜಿಗಿತವೇ ಇಲ್ಲ. ಕವಲು ಎರಡಿದ್ದರೂ ಏಳಿದ್ದರೂ ಮಿದುಳಿಗೆ ಒಂದೇ. ಇದು 2017ರಲ್ಲಿ ಪ್ರಕಟವಾಯಿತು.

ಹಿಪ್ಪೊಕ್ಯಾಂಪಸ್ ನಮ್ಮ ತಲೆಯ ಎರಡೂ ಬದಿಯಲ್ಲಿ, ಹೆಚ್ಚುಕಮ್ಮಿ ಕಿವಿಯ ನೇರಕ್ಕೆ ಒಳಗಡೆ ಇದೆ. ಹೊಸ ನೆನಪುಗಳನ್ನು ಕಟ್ಟುವುದು ಅದರ ಕೆಲಸ. ಜಾಗಗಳ ನಕ್ಷೆ ಬರೆದುಕೊಳ್ಳುವುದೂ ಅದರದೇ ಕೆಲಸ. 1971ರಲ್ಲಿ ವಿಜ್ಞಾನಿ ಜಾನ್ ಓಕೀಫ್ ಇಲಿಗಳ ಹಿಪ್ಪೊಕ್ಯಾಂಪಸ್‌ನಲ್ಲಿ ಒಂದು ವಿಚಿತ್ರ ಕಂಡರು. ಇಲಿ ಒಂದು ನಿರ್ದಿಷ್ಟ ಜಾಗಕ್ಕೆ ಬಂದರೆ ಮಾತ್ರ ಎಚ್ಚರಗೊಳ್ಳುವ ಜೀವಕೋಶಗಳು ಅಲ್ಲಿದ್ದವು. ಮೂಲೆಗೆ ಒಂದು ಕೋಶ, ಬಾಗಿಲಿಗೆ ಇನ್ನೊಂದು, ಹೀಗೆ. ಅದಕ್ಕೆ ಪಕ್ಕದ ಭಾಗದಲ್ಲಿ ದೂರ-ದಿಕ್ಕು ಅಳೆಯಲು ನೆರವಾಗುವ ಕೋಶಗಳನ್ನು 2005ರಲ್ಲಿ ನಾರ್ವೆಯ ಮೇ-ಬ್ರಿಟ್ ಮೋಸರ್ ಮತ್ತು ಎಡ್ವರ್ಡ್ ಮೋಸರ್ ಅವರ ತಂಡ ಪತ್ತೆ ಮಾಡಿತು. 2014ರ ವೈದ್ಯಕೀಯ ನೊಬೆಲ್ ಈ ಮೂವರಿಗೂ ಸಿಕ್ಕಿತು. ಅಂದರೆ ನಮ್ಮೆಲ್ಲರ ತಲೆಯಲ್ಲೂ ಒಂದು ಮ್ಯಾಪ್ ಇದೆ. ಅದಕ್ಕೆ ನೆಟ್‌ವರ್ಕೂ ಬೇಡ, ಚಾರ್ಜೂ ಬೇಡ.

ಆ ಮ್ಯಾಪನ್ನು ಬಳಸಿದರೆ ಏನಾಗುತ್ತದೆ ಅನ್ನುವುದಕ್ಕೆ ಲಂಡನ್ನಿನ ಟ್ಯಾಕ್ಸಿ ಚಾಲಕರಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಅಲ್ಲಿ ಕಪ್ಪು ಟ್ಯಾಕ್ಸಿ ಓಡಿಸುವ ಲೈಸೆನ್ಸ್ ಬೇಕೆಂದರೆ ‘ದಿ ನಾಲೆಜ್’ ಅನ್ನುವ ಪರೀಕ್ಷೆ ಪಾಸಾಗಬೇಕು. ಊರಿನ ನಡುವಿನ ಚಾರಿಂಗ್ ಕ್ರಾಸ್ ಸುತ್ತ ಆರು ಮೈಲಿಯೊಳಗಿನ ಸುಮಾರು 25,000 ರಸ್ತೆಗಳು, ಅವುಗಳ ಪಕ್ಕದ ಆಸ್ಪತ್ರೆ, ಥಿಯೇಟರ್, ಹೋಟೆಲ್ಲುಗಳೆಲ್ಲ ಬಾಯಿಪಾಠ. ಸಾಮಾನ್ಯವಾಗಿ ಮೂರು-ನಾಲ್ಕು ವರ್ಷ ಹಿಡಿಯುತ್ತದೆ. 2000ದಲ್ಲಿ ಮಿದುಳು ವಿಜ್ಞಾನಿ ಎಲೀನರ್ ಮಗ್ವಾಯರ್ ಈ ಚಾಲಕರ ಮಿದುಳನ್ನು ಸ್ಕ್ಯಾನ್ ಮಾಡಿದಾಗ ಹಿಪ್ಪೊಕ್ಯಾಂಪಸ್‌ನ ಹಿಂಭಾಗ ಬೇರೆಯವರಿಗಿಂತ ದೊಡ್ಡದಾಗಿತ್ತು. ಕೆಲಸಕ್ಕೆ ಸೇರಿ ಹೆಚ್ಚು ವರ್ಷ ಆದವರಲ್ಲಿ ಇನ್ನೂ ದೊಡ್ಡದು.

ದಿನವಿಡೀ ಗಾಡಿ ಓಡಿಸಿದರೆ ಯಾರಿಗಾದರೂ ಹಾಗಾಗುತ್ತೆ ಬಿಡಿ ಅನ್ನಬಹುದು. ಅದಕ್ಕೇ 2006ರಲ್ಲಿ ಅದೇ ತಂಡ ಟ್ಯಾಕ್ಸಿಯವರನ್ನು ಅದೇ ಊರಿನ ಬಸ್ ಚಾಲಕರ ಜೊತೆ ಹೋಲಿಸಿತು. ಅದೇ ಟ್ರಾಫಿಕ್, ಅಷ್ಟೇ ವರ್ಷಗಳ ಅನುಭವ. ಒಂದೇ ವ್ಯತ್ಯಾಸ ಅಂದರೆ ಬಸ್ಸಿನ ರೂಟು ಮೊದಲೇ ಗೊತ್ತುಮಾಡಿದ್ದು. ಬಸ್ಸಿನವರಲ್ಲಿ ಹಿಪ್ಪೊಕ್ಯಾಂಪಸ್‌ನ ಹಿಂಭಾಗ ಟ್ಯಾಕ್ಸಿಯವರಷ್ಟು ದೊಡ್ಡದಿರಲಿಲ್ಲ. ಈ ಸರಣಿಯಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವುದು ಇದೇ. ಗಾಡಿ ಓಡಿಸಿದ್ದಕ್ಕಲ್ಲ, ದಾರಿ ತಾವೇ ಆರಿಸಿಕೊಂಡಿದ್ದಕ್ಕೆ ಬಂದ ಬದಲಾವಣೆ ಅದು. ಹಾಗಂತ ಟ್ಯಾಕ್ಸಿಯವರಿಗೆ ಎಲ್ಲ ಲಾಭವೇ ಆಗಿರಲಿಲ್ಲ. ಅವರ ಹಿಪ್ಪೊಕ್ಯಾಂಪಸ್‌ನ ಮುಂಭಾಗ ಕೊಂಚ ಚಿಕ್ಕದಾಗಿತ್ತು, ಕೆಲವು ಬಗೆಯ ಹೊಸ ನೆನಪಿನ ಪರೀಕ್ಷೆಗಳಲ್ಲಿ ಅವರು ಹಿಂದೆಬಿದ್ದರು.

ಇನ್ನು ನೇರವಾಗಿ ಮ್ಯಾಪ್ ಬಳಕೆಯ ವಿಷಯ. ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದ ಲೂಯೀಸಾ ದಹ್ಮಾನಿ ಮತ್ತು ವೆರೋನಿಕ್ ಬೋಬೋ 50 ಜನ ಚಾಲಕರನ್ನು ಪರೀಕ್ಷಿಸಿದರು. ಹೆಚ್ಚು ಕಾಲ ಜಿಪಿಎಸ್ ನೆಚ್ಚಿಕೊಂಡವರಿಗೆ, ಯಂತ್ರ ಇಲ್ಲದೆ ದಾರಿ ನೆನಪಿಟ್ಟುಕೊಳ್ಳುವುದು ಹೆಚ್ಚು ಕಷ್ಟವಾಗಿತ್ತು. ಮೂರು ವರ್ಷ ಬಿಟ್ಟು ಅವರಲ್ಲಿ 13 ಜನರನ್ನು ಮತ್ತೆ ಕರೆಸಿದಾಗ, ಈ ನಡುವೆ ಜಾಸ್ತಿ ಬಳಸಿದವರ ನೆನಪು ಜಾಸ್ತಿ ಇಳಿದಿತ್ತು. ದಾರಿ ಗೊತ್ತಾಗದವರೇ ತಾನೇ ಮ್ಯಾಪ್ ಹೆಚ್ಚು ಬಳಸುವುದು ಅನ್ನುವ ಅನುಮಾನ ಸಹಜ. ಅದನ್ನೂ ಅವರು ಪರಿಶೀಲಿಸಿದರು, ಹಾಗೆ ಕಾಣಲಿಲ್ಲ. ಆದರೆ 13 ಜನ ಅಂದರೆ ತೀರಾ ಸಣ್ಣ ಗುಂಪು. ಇದರ ಮೇಲೆ ದೊಡ್ಡ ಮಾತು ಕಟ್ಟಬಾರದು.

ವಾಟ್ಸಾಪಿನಲ್ಲಿ ಸುತ್ತುವ ‘ಮ್ಯಾಪ್ ಬಳಸಿದರೆ ಮರೆವಿನ ಕಾಯಿಲೆ ಗ್ಯಾರಂಟಿ’ ಅನ್ನುವುದು ಅಂಥ ದೊಡ್ಡ ಮಾತು. ಆಲ್‌ಝೈಮರ್ಸ್ ಕಾಯಿಲೆ ಮೊದಮೊದಲು ಹಾನಿ ಮಾಡುವ ಜಾಗಗಳಲ್ಲಿ ಹಿಪ್ಪೊಕ್ಯಾಂಪಸ್ ಕೂಡ ಒಂದು, ನಿಜ. 2024ರ ಕೊನೆಗೆ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನವೊಂದು ಅಮೆರಿಕದ ಸುಮಾರು 90 ಲಕ್ಷ ಜನರ ಮರಣ ದಾಖಲೆಗಳನ್ನು ಅವರವರ ಉದ್ಯೋಗದ ಜೊತೆ ಇಟ್ಟು ನೋಡಿತು. 400ಕ್ಕೂ ಹೆಚ್ಚು ಉದ್ಯೋಗಗಳಲ್ಲಿ, ಆಲ್‌ಝೈಮರ್ಸ್‌ನಿಂದ ಸತ್ತವರ ಪಾಲು ಅತಿ ಕಡಿಮೆ ಇದ್ದದ್ದು ಟ್ಯಾಕ್ಸಿ ಮತ್ತು ಆಂಬುಲೆನ್ಸ್ ಚಾಲಕರಲ್ಲಿ. ಬಸ್ ಚಾಲಕರಲ್ಲಿ, ಪೈಲಟ್‌ಗಳಲ್ಲಿ ಹಾಗಿರಲಿಲ್ಲ. ಓದಿದ ಕೂಡಲೇ ಮೈ ಜುಮ್ಮೆನ್ನುತ್ತದೆ. ಆದರೂ ಇವೆರಡೂ ಒಟ್ಟಿಗೆ ಕಂಡವು ಅಂತಷ್ಟೇ ಅದು ಹೇಳುತ್ತದೆ, ಒಂದರಿಂದ ಇನ್ನೊಂದು ಆಯಿತು ಅಂತ ಅಲ್ಲ. ಮ್ಯಾಪ್ ಬಳಕೆಯನ್ನು ಅದು ಅಳೆದೇ ಇಲ್ಲ. ಸುಮ್ನೆ ಹೆದರಬೇಡಿ.

ಹೆದರಬೇಕಾದದ್ದು ಇನ್ನೊಂದಿದೆ. ಸ್ಕ್ರೀನ್ ನಂಬಿ ಕಣ್ಣನ್ನು ನಂಬದೇ ಇರುವುದು.

ಮ್ಯಾಪ್ ಒಳಗೆ ನಡೆಯುವುದು ಒಂದು ಲೆಕ್ಕ. ಜಂಕ್ಷನ್‌ಗಳು ಚುಕ್ಕೆಗಳು, ರಸ್ತೆಗಳು ಅವನ್ನು ಸೇರಿಸುವ ಗೆರೆಗಳು, ಒಂದೊಂದು ಗೆರೆಗೂ ಇಷ್ಟು ನಿಮಿಷ ಅಂತ ಬೆಲೆ. ಒಟ್ಟು ನಿಮಿಷ ಕಡಿಮೆ ಬರುವ ಗೆರೆಗಳನ್ನು ಅದು ಆರಿಸುತ್ತದೆ. ಇದರ ಮೂಲ ವಿಧಾನವನ್ನು ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1956ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಒಂದು ಕೆಫೆಯಲ್ಲಿ ಕಾಫಿ ಕುಡಿಯುತ್ತಾ ಇಪ್ಪತ್ತು ನಿಮಿಷದಲ್ಲಿ ಹೊಳೆಸಿಕೊಂಡರು. ಲೆಕ್ಕ ಚೊಕ್ಕವಾಗಿದೆ. ಆದರೆ ಆ ಗೆರೆಯ ಮೇಲೆ ನಿನ್ನೆ ಚರಂಡಿಗೆ ಅಗೆದಿದ್ದಾರೆ, ಇವತ್ತು ಜಾತ್ರೆಯ ತೇರು ಬರುತ್ತದೆ ಅನ್ನುವುದು ಯಾರಾದರೂ ತಿಳಿಸಿದರೆ ತಾನೇ ಅದಕ್ಕೆ ಗೊತ್ತಾಗುವುದು? ಟ್ರಾಫಿಕ್ ಎಷ್ಟಿದೆ ಅನ್ನುವುದನ್ನೂ ಅದು ಮುಖ್ಯವಾಗಿ ರಸ್ತೆಯಲ್ಲಿರುವ ಫೋನುಗಳ ವೇಗದಿಂದ ಊಹಿಸುತ್ತದೆ. 2020ರಲ್ಲಿ ಬರ್ಲಿನ್ನಿನ ಕಲಾವಿದ ಸಿಮೋನ್ ವೆಕರ್ಟ್ ಒಂದು ಪುಟ್ಟ ಗಾಡಿಯಲ್ಲಿ 99 ಫೋನುಗಳನ್ನು ತುಂಬಿಕೊಂಡು ಖಾಲಿ ರಸ್ತೆಯಲ್ಲಿ ನಿಧಾನವಾಗಿ ಎಳೆದುಕೊಂಡು ಹೋದರು. ಗೂಗಲ್ ಮ್ಯಾಪಿನಲ್ಲಿ ಆ ರಸ್ತೆ ಕೆಂಪಾಯಿತು!

ನಮ್ಮ ಊರಿನ ಪರದಾಟ ಬೇರೆ ಥರದ್ದು. ತೆರೆದ ಆಕಾಶದ ಕೆಳಗೆ ಫೋನಿನ ಜಿಪಿಎಸ್ ಹೇಳುವ ಜಾಗಕ್ಕೂ ನಿಜವಾದ ಜಾಗಕ್ಕೂ ಸುಮಾರು ಐದು ಮೀಟರ್ ವ್ಯತ್ಯಾಸ ಇರಬಹುದು. ಕಟ್ಟಡಗಳ ನಡುವೆ ಇನ್ನೂ ಹೆಚ್ಚು. ಮೇನ್ ರೋಡು ಮತ್ತು ಸರ್ವಿಸ್ ರೋಡಿನ ನಡುವೆ ಇರುವುದೇ ಅಷ್ಟು. ಹೊಸೂರು ರಸ್ತೆಯಲ್ಲಿ ಕೂಡ್ಲು ಗೇಟಿಗೆ ಹೊರಟವರು ಬೊಮ್ಮನಹಳ್ಳಿ ಹತ್ತಿರ ಒಂದು ಕ್ಷಣ ಯಾಮಾರಿ ಮೇಲ್ಸೇತುವೆ ಹತ್ತಿದರೆ ಮುಗೀತು. ಕೂಡ್ಲು ಗೇಟ್ ಕಾಲಕೆಳಗೇ ಹಾದುಹೋಗುತ್ತದೆ, ನೀವು ಟೋಲ್ ಕಟ್ಟಿ ಎಲೆಕ್ಟ್ರಾನಿಕ್ ಸಿಟಿ ಸೇರಿರುತ್ತೀರಿ. ಭಾರತದ 40 ನಗರಗಳಲ್ಲಿ ಫ್ಲೈಓವರ್ ಹತ್ತಬೇಕಾ ಬೇಡವಾ ಅಂತ ಹೇಳುವ ಸೌಲಭ್ಯ ತರುವುದಾಗಿ ಗೂಗಲ್ ಪ್ರಕಟಿಸಿದ್ದೇ 2024ರ ಜುಲೈನಲ್ಲಿ. ಅದಕ್ಕೂ ಮೊದಲು ಬದಿಯ ಹಸಿರು ಬೋರ್ಡು ಓದಿದವರು ಪಾರಾಗುತ್ತಿದ್ದರು. ಈಗಲೂ ಅದೇ ನಂಬಿಕಸ್ತ.

ಊರಿನೊಳಗೆ ಆದರೆ ಹತ್ತು ನಿಮಿಷ ತಡ, ಒಂದಿಷ್ಟು ಬೈಗುಳ, ಅಷ್ಟೇ. ಕಾಡಿನಲ್ಲಿ ಹಾಗಲ್ಲ. 2024ರ ಡಿಸೆಂಬರ್‌ನಲ್ಲಿ ಗೋವಾಕ್ಕೆ ಹೊರಟಿದ್ದ ಉತ್ತರ ಭಾರತದ ಒಂದು ಕುಟುಂಬ ಮ್ಯಾಪ್ ತೋರಿಸಿದ ದಾರಿ ಹಿಡಿದು ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡಿನೊಳಗೆ ಸಿಕ್ಕಿಹಾಕಿಕೊಂಡಿತು. ನೆಟ್‌ವರ್ಕ್ ಇಲ್ಲ. ರಾತ್ರಿ ಕಾರಿನಲ್ಲೇ ಕಳೆದು, ಬೆಳಿಗ್ಗೆ ಕಿಲೋಮೀಟರುಗಟ್ಟಲೆ ನಡೆದು, ಸಿಗ್ನಲ್ ಸಿಕ್ಕ ಕಡೆ 112ಕ್ಕೆ ಕರೆ ಮಾಡಿದ ಮೇಲೆ ಪೊಲೀಸರು ಬಂದು ಹೊರಗೆ ತಂದರು. ಅದರ ಹಿಂದಿನ ತಿಂಗಳು ಉತ್ತರ ಪ್ರದೇಶದ ಬರೇಲಿ ಹತ್ತಿರ, ರಾಮಗಂಗಾ ನದಿಯ ಮೇಲೆ ಪ್ರವಾಹಕ್ಕೆ ಒಂದು ಭಾಗ ಕೊಚ್ಚಿಹೋಗಿದ್ದ ಸೇತುವೆಯಿಂದ ಕಾರು ಬಿದ್ದು ಮೂವರು ಸತ್ತರು. ಅವರೂ ಮ್ಯಾಪ್ ನೋಡಿಕೊಂಡೇ ಹೋಗುತ್ತಿದ್ದರು ಎಂದು ವರದಿಯಾಯಿತು. ಸತ್ತವರನ್ನು ದೂರುವ ಮಾತೇ ಇಲ್ಲ. ಮುರಿದ ಸೇತುವೆಗೆ ಅಡ್ಡಗಟ್ಟೆ ಹಾಕದೆ ಬಿಟ್ಟವರ ತಪ್ಪು ಮ್ಯಾಪಿನ ತಪ್ಪಿಗಿಂತ ದೊಡ್ಡದು ಅಂತ ನನ್ನ ಅನಿಸಿಕೆ. ಆದರೆ ಡಾಂಬರು ಮುಗಿದು ಮಣ್ಣುದಾರಿ ಶುರುವಾದಾಗ, ಎದುರಿಂದ ಅರ್ಧ ಗಂಟೆ ಒಂದೂ ಗಾಡಿ ಬರದಿದ್ದಾಗ, ಗಾಡಿ ನಿಲ್ಲಿಸಿ ಯಾರನ್ನಾದರೂ ಕೇಳಬೇಕು ಅನ್ನಿಸುವುದು ಮನುಷ್ಯರಿಗೆ ಮಾತ್ರ. ನೀಲಿ ಗೆರೆಗೆ ಹಾಗೆ ಅನ್ನಿಸುವುದಿಲ್ಲ.

ಕೇಳುವ ಅಭ್ಯಾಸವೂ ಹೋಗುತ್ತಿದೆ, ಅಲ್ವಾ? ಡೆಲಿವರಿ ಹುಡುಗನಿಗೆ ‘ಗಣಪತಿ ದೇವಸ್ಥಾನ ದಾಟಿ ಎರಡನೇ ಕ್ರಾಸಲ್ಲಿ ಎಡಕ್ಕೆ ಬಾರಪ್ಪ, ಮೂಲೇಲಿ ಹಿಟ್ಟಿನ ಗಿರಣಿ ಇದೆ’ ಅಂದರೆ, ‘ಸರ್, ಲೊಕೇಶನ್ ಕಳ್ಸಿಬಿಡಿ’ ಅನ್ನುತ್ತಾನೆ. ಅವನನ್ನು ಬೈಯುವಂತಿಲ್ಲ. ಅವನ ಸಮಯ ಆಪ್ ಕೈಯಲ್ಲಿದೆ, ಬಹುಶಃ ಈ ಊರಿಗೆ ಬಂದು ಅವನಿಗೆ ತಿಂಗಳೂ ಆಗಿಲ್ಲ. ಹೊಸ ಊರಿಗೆ ಬಂದವರಿಗೆ, ಭಾಷೆ ಬಾರದವರಿಗೆ, ರಾತ್ರಿ ಒಬ್ಬರೇ ಹೋಗುವ ಹೆಣ್ಣುಮಕ್ಕಳಿಗೆ ಮ್ಯಾಪ್ ದೊಡ್ಡ ಧೈರ್ಯ. ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ನನ್ನ ತಕರಾರು ಇರುವುದು, ವರ್ಷಗಟ್ಟಲೆ ಓಡಾಡಿದ ದಾರಿಗೂ ಅದನ್ನೇ ಹಾಕಿಕೊಳ್ಳುವುದರ ಬಗ್ಗೆ. ಸೈಟು ಕೊಳ್ಳುವಾಗ ಬಾಗಿಲು ಪೂರ್ವಕ್ಕಾ ಉತ್ತರಕ್ಕಾ ಅಂತ ಹತ್ತು ಸಲ ಕೇಳುವ ನಾವು, ಮನೆಯಿಂದ ಆಫೀಸು ಯಾವ ದಿಕ್ಕಿಗಿದೆ ಅಂದರೆ ತಲೆ ಕೆರೆದುಕೊಳ್ಳುತ್ತೇವೆ!

ಹಾಗಾದರೆ ಏನು ಮಾಡಬೇಕು? ಹೊರಡುವ ಮೊದಲು ಮ್ಯಾಪ್ ತೆರೆಯಿರಿ, ಆದರೆ ‘ಸ್ಟಾರ್ಟ್’ ಒತ್ತಬೇಡಿ. ಇಡೀ ದಾರಿಯನ್ನು ಒಮ್ಮೆ ನೋಡಿ. ಎಲ್ಲೆಲ್ಲಿ ತಿರುಗಬೇಕು, ಅಲ್ಲಿ ಯಾವ ಗುರುತಿದೆ ಅಂತ ಬಾಯಲ್ಲಿ ಹೇಳಿಕೊಳ್ಳಿ. ಪೆಟ್ರೋಲ್ ಬಂಕ್, ಕೆರೆ ಏರಿ, ಆಲದ ಮರ, ಏನಾದರೂ ಸರಿ. ಫೋನನ್ನು ಜೇಬಿಗೆ ಹಾಕಿ ಹೊರಡಿ. ತಪ್ಪಿದರೆ ತೆಗೆದು ನೋಡಿದರಾಯಿತು. ತಪ್ಪಿದ ತಿರುವು ಸರಿಯಾದ ತಿರುವಿಗಿಂತ ಚೆನ್ನಾಗಿ ನೆನಪಿರುತ್ತದೆ. ಹೊಸ ಜಾಗವಾದರೆ ಹೋಗುವಾಗ ಮ್ಯಾಪ್ ಇರಲಿ, ಬರುವಾಗ ಬೇಡ. ಇದರಿಂದ ಹೋಗುವಾಗಲೇ ಆಚೀಚೆ ನೋಡಿಕೊಂಡು ಹೋಗುತ್ತೀರಿ, ಯಾಕೆಂದರೆ ವಾಪಸ್ ಬರುವುದು ನಿಮ್ಮ ತಲೆನೋವು.

ಮ್ಯಾಪ್ ಹಾಕಿಕೊಂಡೇ ಓಡಿಸುವುದಾದರೆ ಉತ್ತರ ದಿಕ್ಕು ಯಾವಾಗಲೂ ಮೇಲೆ ಇರುವಂತೆ ಸೆಟ್ ಮಾಡಿಕೊಳ್ಳಿ. ನೀವು ತಿರುಗಿದಂತೆಲ್ಲ ನಕ್ಷೆಯೂ ತಿರುಗುತ್ತಿದ್ದರೆ ಮುಂದಿನ ತಿರುವು ಸುಲಭ, ಆದರೆ ಊರಿನ ಒಟ್ಟು ಚಿತ್ರ ತಲೆಯಲ್ಲಿ ಕೂರುವುದಿಲ್ಲ. ಮೊದಲ ಕೆಲವು ದಿನ ಕಿರಿಕಿರಿಯಾಗುತ್ತದೆ, ಆಮೇಲೆ ಒಗ್ಗುತ್ತದೆ. ಚಾರ್ಮಾಡಿ, ಆಗುಂಬೆ, ಕುದುರೆಮುಖದ ಕಡೆ ಹೋಗುವಾಗ ಮಾತ್ರ ಈ ಪ್ರಯೋಗ ಬೇಡ. ಆ ಭಾಗದ ಆಫ್‌ಲೈನ್ ಮ್ಯಾಪನ್ನು ಮನೆಯ ವೈಫೈನಲ್ಲೇ ಇಳಿಸಿಕೊಳ್ಳಿ. ನೆಟ್‌ವರ್ಕ್ ಸತ್ತರೂ ಉಪಗ್ರಹದ ಸಿಗ್ನಲ್ ಬರುತ್ತಲೇ ಇರುತ್ತದೆ, ಕಾಣೆಯಾಗುವುದು ನಕ್ಷೆಯಷ್ಟೇ. ಜೊತೆಗೆ ಘಾಟಿಯ ಬುಡದ ಚಹಾ ಅಂಗಡಿಯಲ್ಲಿ ಒಂದು ಮಾತು ಕೇಳಿ. ಮೇಲೆ ಮಣ್ಣು ಕುಸಿದಿದ್ದರೆ ಮೊದಲು ಗೊತ್ತಾಗುವುದು ಅವರಿಗೇ.

ಈ ವಯಸ್ಸಿನಲ್ಲಿ ಆಗುತ್ತಾ ಅಂತ ಕೇಳಿದ್ದೀರಿ. ಆಗುತ್ತದೆ. 2011ರಲ್ಲಿ ಮಗ್ವಾಯರ್ ಮತ್ತು ಕ್ಯಾಥರೀನ್ ವೂಲೆಟ್, ಟ್ಯಾಕ್ಸಿ ಪರೀಕ್ಷೆಗೆ ಓದುತ್ತಿದ್ದ 79 ಜನರನ್ನು ಮೊದಲಿಂದ ಕೊನೆವರೆಗೆ ಗಮನಿಸಿದ್ದನ್ನು ಪ್ರಕಟಿಸಿದರು. ಶುರುವಿನಲ್ಲಿ ಅವರ ಮಿದುಳಿಗೂ ಬೇರೆಯವರ ಮಿದುಳಿಗೂ ವ್ಯತ್ಯಾಸವಿರಲಿಲ್ಲ. ಪಾಸಾದ 39 ಜನರಲ್ಲಿ ಮಾತ್ರ ಹಿಪ್ಪೊಕ್ಯಾಂಪಸ್‌ನ ಹಿಂಭಾಗ ಬೆಳೆದಿತ್ತು. ಎಲ್ಲರೂ ವಯಸ್ಕರೇ, ಎಳೆ ಮಕ್ಕಳಲ್ಲ. ಅವರು ಕಲಿತದ್ದು 25,000 ರಸ್ತೆ, ನಿಮಗೆ ಬೇಕಿರುವುದು ಆಫೀಸಿನ ಒಂದು ದಾರಿ. ನಾಳೆಯೇ ಮ್ಯಾಪ್ ಹಾಕದೆ ಹೊರಡಿ. ಕಾಲು ಗಂಟೆ ಮುಂಚೆ ಹೊರಟರೆ ಒಳ್ಳೆಯದು.