ಗ್ರಾಫಿನಲ್ಲಿ ಬಸ್ಸು ಘಾಟಿ ಹತ್ತಿದಾಗ

ಪ್ರಥಮ ಪಿಯುಸಿಗೆ ಚಲನೆಯ ಪಾಠ ಶುರು ಮಾಡುವ ದಿನ ನಾನು ಮೊದಲು ಬೋರ್ಡಿನ ಮೇಲೆ ಒಂದು ಗ್ರಾಫ್ ಹಾಕುತ್ತೇನೆ. ಅಡ್ಡ ಅಕ್ಷದಲ್ಲಿ ಕಾಲ, ಲಂಬ ಅಕ್ಷದಲ್ಲಿ ವೇಗ. ಗೆರೆ ಸೊನ್ನೆಯಿಂದ ಹೊರಟು 10 ಸೆಕೆಂಡಿನಲ್ಲಿ ಸೆಕೆಂಡಿಗೆ 15 ಮೀಟರ್ ವೇಗಕ್ಕೆ ಏರುತ್ತದೆ, 30ನೇ ಸೆಕೆಂಡಿನವರೆಗೆ ಮಟ್ಟಸವಾಗಿ ಹೋಗುತ್ತದೆ, 40ನೇ ಸೆಕೆಂಡಿಗೆ ಮತ್ತೆ ಸೊನ್ನೆಗೆ ಇಳಿಯುತ್ತದೆ. ಇದು ಒಂದು ಬಸ್ಸಿನ ಗ್ರಾಫ್, ಬಸ್ಸು ಏನು ಮಾಡಿತು ಅಂತ ಎರಡು ಸಾಲು ಬರೆಯಿರಿ ಎನ್ನುತ್ತೇನೆ.

ಪ್ರತಿ ಬ್ಯಾಚಿನಲ್ಲೂ ಕೆಲವರು ಹೀಗೆ ಬರೆಯುತ್ತಾರೆ: ಬಸ್ಸು ಘಾಟಿ ಹತ್ತಿತು, ಮೇಲೆ ಸಮತಟ್ಟಾದ ರಸ್ತೆ ಸಿಕ್ಕಿತು, ಆಮೇಲೆ ಇಳಿಯಿತು.

ಹೀಗೆ ಬರೆಯುವವರಲ್ಲಿ ಹತ್ತನೇ ತರಗತಿಯ ಗಣಿತದಲ್ಲಿ ತೊಂಬತ್ತರ ಮೇಲೆ ತೆಗೆದವರೂ ಇರುತ್ತಾರೆ. ಅವರಿಗೆ ಗ್ರಾಫ್ ಬರೆಯಲು ಬರುತ್ತದೆ, ಬಿಂದು ಗುರುತಿಸಲು ಬರುತ್ತದೆ. ಆದರೆ ಕಣ್ಣು ಮೊದಲು ಹೋಗುವುದು ಗೆರೆಯ ಮೇಲೆ. ಗೆರೆ ಗುಡ್ಡದ ಹಾಗಿದ್ದರೆ ಗುಡ್ಡವೇ ಕಾಣುತ್ತದೆ. ಅಕ್ಷದ ಪಕ್ಕ ‘ವೇಗ’ ಎಂದು ಬರೆದಿದ್ದನ್ನು ಯಾರೂ ಓದಿರುವುದಿಲ್ಲ. ಬಸ್ಸು ನಿಜವಾಗಿ ಮಾಡಿದ್ದು ವೇಗ ಹೆಚ್ಚಿಸಿಕೊಂಡು, ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಹೋಗಿ, ಆಮೇಲೆ ನಿಂತದ್ದು, ಅಷ್ಟೇ.

ಇದರಲ್ಲಿ ಮಕ್ಕಳ ತಪ್ಪು ಕಡಿಮೆ, ನಮ್ಮದೇ ಜಾಸ್ತಿ. ಹತ್ತನೇ ತರಗತಿಯಲ್ಲಿ ‘ನಕ್ಷೆಯ ವಿಧಾನದಿಂದ ಬಿಡಿಸಿ’ ಅನ್ನುವ ಲೆಕ್ಕ ಬರುತ್ತದೆ ಅಲ್ವಾ, ಅಲ್ಲಿ ಎಕ್ಸ್ ಮತ್ತು ವೈ ಬರೀ ಸಂಖ್ಯೆಗಳು. ಮೀಟರ್ ಇಲ್ಲ, ಸೆಕೆಂಡ್ ಇಲ್ಲ. ಹೆಚ್ಚಿನ ಲೆಕ್ಕಗಳಲ್ಲಿ ಎರಡೂ ಕಡೆ 1 ಸೆಂಟಿಮೀಟರಿಗೆ 1 ಮಾನ. ಎರಡು ಗೆರೆ ಎಲ್ಲಿ ಕೂಡಿದವೋ ಆ ಬಿಂದು ಬರೆದರೆ ಅಂಕ ಸಿಕ್ಕಿತು. ಎಕ್ಸ್ ಅಂದರೆ ಮಲಗಿದ ಗೆರೆ ಅನ್ನುವುದು ಎರಡು ಮೂರು ವರ್ಷದಲ್ಲಿ ಕೈಗೆ ಅಭ್ಯಾಸವಾಗಿಬಿಡುತ್ತದೆ. ನಂತರ ಪಿಯುಸಿ ಭೌತಶಾಸ್ತ್ರಕ್ಕೆ ಬಂದರೆ ಎಕ್ಸ್ ಅಂದರೆ ವಸ್ತು ಇರುವ ಸ್ಥಾನ, ಅದು ಎದ್ದು ನಿಂತಿರುತ್ತದೆ, ಮಲಗಿರುವುದು ಕಾಲ! ಈ ಬದಲಾವಣೆಯನ್ನು ನಾವು ಬಾಯಿಬಿಟ್ಟು ಹೇಳುವುದೇ ಇಲ್ಲ. ನಾನೂ ಬಹಳ ವರ್ಷ ಹೇಳಿರಲಿಲ್ಲ.

ಅಕ್ಷ ಓದದಿದ್ದರೆ ಎಷ್ಟು ದೂರ ದಾರಿ ತಪ್ಪುತ್ತೇವೆ ಎಂದು ತೋರಿಸಲು ನಾನು ಉಸೇನ್ ಬೋಲ್ಟ್‌ನನ್ನು ಕರೆತರುತ್ತೇನೆ. 2009ರಲ್ಲಿ ಬರ್ಲಿನ್‌ನಲ್ಲಿ ಅವರು 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದರು. ಪ್ರತಿ 20 ಮೀಟರಿಗೆ ಹಿಡಿದ ಸಮಯ 2.89, 1.75, 1.67, 1.61, 1.66 ಸೆಕೆಂಡ್. ಕೂಡುತ್ತಾ ಹೋದರೆ 2.89, 4.64, 6.31, 7.92, 9.58. ಈ ಪಟ್ಟಿ ಕೊಟ್ಟು ದೂರ-ಕಾಲದ ಗ್ರಾಫ್ ಬರೆಯಿರಿ ಎನ್ನುತ್ತೇನೆ. ಕೆಲವರು ಅಡ್ಡ ಅಕ್ಷದ ಮೇಲೆ ಒಂದೊಂದು ಸೆಂಟಿಮೀಟರಿಗೆ ಒಂದೊಂದು ಸಂಖ್ಯೆ ಬರೆಯುತ್ತಾರೆ, ಮೊದಲನೇ ಗುರುತಿಗೆ 2.89, ಎರಡನೆಯದಕ್ಕೆ 4.64, ಹೀಗೆ. ಲಂಬ ಅಕ್ಷದಲ್ಲಿ 20, 40, 60 ಹೇಗೂ ಸಮ ಅಂತರದಲ್ಲಿವೆ. ಎಲ್ಲಾ ಬಿಂದುಗಳೂ ಒಂದೇ ನೇರ ಗೆರೆಯ ಮೇಲೆ ಬಂದು ಕೂರುತ್ತವೆ. ನೋಡಲು ಬಹಳ ಚೆಂದ. ಆದರೆ ಆ ಗ್ರಾಫಿನ ಪ್ರಕಾರ ಬೋಲ್ಟ್ ಗನ್ ಹೊಡೆದ ಕ್ಷಣದಿಂದ ಕೊನೆಯವರೆಗೆ ಒಂದೇ ವೇಗದಲ್ಲಿ ಓಡಿದ್ದಾರೆ! ನಿಂತಲ್ಲಿಂದ ಹೊರಟ ಮನುಷ್ಯ ಹಾಗೆ ಓಡಲು ಸಾಧ್ಯವೇ ಎಂದು ಕೇಳಿದಾಗ ಕ್ಲಾಸು ಒಂದು ಕ್ಷಣ ಸುಮ್ಮನಾಗುತ್ತದೆ. ಆಮೇಲೆ ಯಾರಾದರೂ ಒಬ್ಬರು ಅಕ್ಷದ ಮೇಲೆ ಬೆರಳಿಟ್ಟು, ‘ಸರ್, ಇಲ್ಲಿ ಸಂಖ್ಯೆಗಳ ಅಂತರ ಸಮ ಇಲ್ಲ’ ಎನ್ನುತ್ತಾರೆ. ಅದನ್ನು ನಾನು ಹೇಳುವುದಕ್ಕಿಂತ ಅವರೇ ಹೇಳಬೇಕು, ಅದಕ್ಕೇ ಕಾಯುತ್ತೇನೆ.

ಈಗ ಸರಿಯಾದ ಪ್ರಮಾಣ ಹಾಕುತ್ತೇವೆ. ಅಡ್ಡಕ್ಕೆ 1 ಸೆಂಟಿಮೀಟರಿಗೆ 1 ಸೆಕೆಂಡ್, ಮೇಲಕ್ಕೆ 1 ಸೆಂಟಿಮೀಟರಿಗೆ 10 ಮೀಟರ್. ಗೆರೆ ಶುರುವಿನಲ್ಲಿ ಒರಗಿಕೊಂಡು, ಆಮೇಲೆ ಕಡಿದಾಗುತ್ತದೆ. ಬೋಲ್ಟ್ ಕೊನೆಯಲ್ಲಿ ನಿಧಾನವಾದರೇ ಎಂದು ಕೇಳಿದರೆ ಎಲ್ಲರೂ ‘ಇಲ್ಲ’ ಎನ್ನುತ್ತಾರೆ. ಯಾಕೆಂದರೆ 1.61ಕ್ಕೂ 1.66ಕ್ಕೂ ಈ ಹಾಳೆಯ ಮೇಲಿರುವ ವ್ಯತ್ಯಾಸ ಅರ್ಧ ಮಿಲಿಮೀಟರ್, ಪೆನ್ಸಿಲ್ ಮೊನೆಯಷ್ಟು. ಕಣ್ಣಿಗೆ ಹೇಗೆ ಕಾಣಬೇಕು? ಅದಕ್ಕೆ ಪ್ರತಿ ತುಂಡಿನ ಇಳಿಜಾರು ತೆಗೆಯಬೇಕು, ಅಂದರೆ 20 ಮೀಟರನ್ನು ಸಮಯದಿಂದ ಭಾಗಿಸಬೇಕು. 6.92, 11.43, 11.98, 12.42, 12.05 ಎಂದು ಬರುತ್ತದೆ. ಇವನ್ನು ವೇಗದ ಅಕ್ಷದ ಮೇಲೆ ಇಟ್ಟಾಗ ಕೊನೆಯ ಇಳಿತ ಕಾಣಿಸಿಕೊಳ್ಳುತ್ತದೆ. ಅದೇ ಓಟ, ಅಕ್ಷ ಮಾತ್ರ ಬೇರೆ. ವೇಗದ ಗ್ರಾಫ್ ಯಾಕೆ ಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ.

ಎರಡು ಗೆರೆ ಒಂದನ್ನೊಂದು ದಾಟುವುದು ಇನ್ನೊಂದು ಗೊಂದಲ. ಸ್ಥಾನ-ಕಾಲದ ಗ್ರಾಫಿನಲ್ಲಿ ಎರಡು ಗೆರೆ ಕೂಡಿದರೆ ‘ಆಗ ಇಬ್ಬರ ವೇಗವೂ ಒಂದೇ’ ಎಂದು ಬರೆಯುತ್ತಾರೆ. ಇದಕ್ಕೆ ನಾನು ರೈಲಿನ ಉದಾಹರಣೆ ಕೊಡುತ್ತೇನೆ. ರೈಲ್ವೆಯ ಕಂಟ್ರೋಲ್ ಆಫೀಸಿನಲ್ಲಿ ಒಂದು ಚಾರ್ಟ್ ಇರುತ್ತದೆ, ಹಿಂದೆ ಅದನ್ನು ಕೈಯಲ್ಲೇ ಗೆರೆ ಎಳೆದು ತುಂಬಿಸುತ್ತಿದ್ದರು, ಈಗ ಕಂಪ್ಯೂಟರಿನಲ್ಲಿದೆ. ಅಡ್ಡಕ್ಕೆ ಗಂಟೆ, ಲಂಬಕ್ಕೆ ಸ್ಟೇಷನ್ನುಗಳು. ಒಂದೊಂದು ರೈಲಿಗೂ ಒಂದೊಂದು ಗೆರೆ. ಹೋಗುವ ರೈಲಿನ ಗೆರೆ ಒಂದು ಕಡೆ ವಾಲಿದ್ದರೆ ಬರುವ ರೈಲಿನದು ಇನ್ನೊಂದು ಕಡೆ ವಾಲಿರುತ್ತದೆ. ಎರಡು ಗೆರೆ ಕೂಡುವ ಜಾಗದಲ್ಲಿ ಎರಡೂ ರೈಲು ಒಂದೇ ಹೊತ್ತಿಗೆ ಒಂದೇ ಕಡೆ ಇವೆ, ಅಷ್ಟೇ. ಸಿಂಗಲ್ ಲೈನ್ ಆದರೆ ಆ ಬಿಂದು ಸ್ಟೇಷನ್ನಿನ ಮೇಲೇ ಬೀಳಬೇಕು, ಇಲ್ಲದಿದ್ದರೆ ಎದುರುಬದುರು ಬಂದ ಹಾಗೆ. ‘ಕ್ರಾಸಿಂಗ್ ಇದೆ’ ಅಂತ ನಮ್ಮ ಗಾಡಿಯನ್ನು ಸಣ್ಣ ಸ್ಟೇಷನ್ನಿನಲ್ಲಿ ಇಪ್ಪತ್ತು ನಿಮಿಷ ನಿಲ್ಲಿಸುತ್ತಾರಲ್ಲ, ಆಗ ನಮ್ಮ ಗೆರೆ ಮಲಗಿರುತ್ತದೆ, ಯಾಕೆಂದರೆ ಗಾಡಿ ನಿಂತರೂ ಕಾಲ ನಿಲ್ಲುವುದಿಲ್ಲ. ರೈಲಿನಲ್ಲಿ ಓಡಾಡುವ ಮಕ್ಕಳಿಗೆ ಇದು ತಟ್ಟನೆ ಹೊಳೆಯುತ್ತದೆ.

ವೇಗದ ಗ್ರಾಫಿನ ಕೆಳಗಿನ ವಿಸ್ತೀರ್ಣ ಯಾಕೆ ದೂರ ಆಗುತ್ತದೆ ಅನ್ನುವುದನ್ನು ಸೂತ್ರದಂತೆ ಹೇಳಿಕೊಟ್ಟರೆ ಮಕ್ಕಳು ನಂಬುತ್ತಾರೆ, ಅರ್ಥ ಮಾಡಿಕೊಳ್ಳುವುದಿಲ್ಲ. ನಾನು ಪ್ರತಿ ಸೆಕೆಂಡಿನ ಮೇಲೆ ಒಂದು ಕಡ್ಡಿ ನಿಲ್ಲಿಸಿ ತೋರಿಸುತ್ತೇನೆ, ಕಡ್ಡಿಯ ಎತ್ತರ ಆ ಸೆಕೆಂಡಿನ ವೇಗ, ಅಂದರೆ ಆ ಒಂದು ಸೆಕೆಂಡಿನಲ್ಲಿ ಹೋದ ದೂರ. ಕಡ್ಡಿಗಳು ಒತ್ತೊತ್ತಾಗಿ ನಿಂತರೆ ಜಾಗ ತುಂಬುತ್ತದೆ. 14ನೇ ಶತಮಾನದಲ್ಲಿ ಫ್ರಾನ್ಸಿನ ನಿಕೋಲ್ ಓರೆಮ್ ಯೋಚಿಸಿದ್ದೂ ಹೀಗೆಯೇ. ಕಾಲಕ್ಕೆ ಮಲಗಿದ ಗೆರೆ, ವೇಗಕ್ಕೆ ಅದರ ಮೇಲೆ ನಿಂತ ಗೆರೆಗಳು. ಅದು ಎಕ್ಸ್-ವೈ ಅಕ್ಷಗಳಿಗೆ ಹೆಸರಾದ ಡೆಕಾರ್ಟ್‌ಗಿಂತ ಸುಮಾರು 300 ವರ್ಷ ಹಿಂದಿನ ಮಾತು. ನಮ್ಮ ಬಸ್ಸಿಗೆ ಲೆಕ್ಕ ಹಾಕಿದರೆ ವೇಗ ಏರುವಾಗ 75, ಮಟ್ಟಸವಾಗಿದ್ದಾಗ 300, ಇಳಿಯುವಾಗ ಮತ್ತೆ 75, ಒಟ್ಟು 450 ಮೀಟರ್.

ಮೇಲಕ್ಕೆ ಎಸೆದ ಚೆಂಡಿನದು ಇನ್ನೂ ಕಷ್ಟ. ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಎಸೆದರೆ ಸುಮಾರು 2 ಸೆಕೆಂಡಿಗೆ ತುದಿ, 4ಕ್ಕೆ ವಾಪಸ್ ಕೈಗೆ. ವೇಗದ ಗ್ರಾಫ್ ಕೇಳಿದರೆ ಅರ್ಧ ಜನ ಚೆಂಡು ಹೋದ ದಾರಿಯನ್ನೇ ಬರೆಯುತ್ತಾರೆ, ಉಳಿದವರು ಇಳಿದು ಮತ್ತೆ ಏರುವ ಗೆರೆ. ನಿಜವಾದದ್ದು ಒಂದೇ ನೇರ ಗೆರೆ, +20ರಿಂದ ಹೊರಟು ಅಕ್ಷವನ್ನು ದಾಟಿ −20ಕ್ಕೆ ಹೋಗುತ್ತದೆ. ಮೇಲಕ್ಕೆ ಹೋಗುವ ವೇಗ ಧನ, ಕೆಳಕ್ಕೆ ಬರುವ ವೇಗ ಋಣ. ‘ತುದಿಯಲ್ಲಿ ಚೆಂಡು ನಿಲ್ಲುತ್ತಲ್ಲ ಸರ್, ಆಗ ವೇಗೋತ್ಕರ್ಷವೂ ಸೊನ್ನೆ ಅಲ್ವಾ?’ ಈ ಪ್ರಶ್ನೆ ಬಂದರೆ ನನಗೆ ಖುಷಿ. ವೇಗೋತ್ಕರ್ಷ ಅಂದರೆ ವೇಗ ಬದಲಾಗುವ ದರ, ಈ ಗ್ರಾಫಿನಲ್ಲಿ ಗೆರೆಯ ವಾಲಿಕೆಯೇ ಅದು. ಗೆರೆ ಅಕ್ಷವನ್ನು ದಾಟುವಾಗ ಎಲ್ಲಾದರೂ ವಾಲಿಕೆ ಬದಲಾಯಿತಾ ನೋಡು ಎನ್ನುತ್ತೇನೆ. ಸ್ಕೇಲ್ ಇಟ್ಟು ನೋಡುತ್ತಾರೆ. ಬದಲಾಗಿರುವುದಿಲ್ಲ.

ಕಾರಿಡಾರಿನಲ್ಲಿ ಸೀಮೆಸುಣ್ಣದಿಂದ ಮೀಟರಿಗೊಂದು ಗುರುತು ಹಾಕಿ ನಡೆಸುವುದು ನನಗೆ ತುಂಬಾ ಇಷ್ಟವಾದ ಪಾಠ. ಒಬ್ಬರು ಸೆಕೆಂಡ್ ಎಣಿಸುತ್ತಾರೆ, ಇನ್ನೊಬ್ಬರು ಕೈಯಲ್ಲಿರುವ ಸ್ಥಾನ-ಕಾಲದ ಗ್ರಾಫಿನಂತೆ ನಡೆಯಬೇಕು. ಒಂದು ಚೀಟಿಯಲ್ಲಿ ಬೇಕೆಂದೇ ನೆಟ್ಟಗೆ ನಿಂತ ಗೆರೆ ಇಟ್ಟಿರುತ್ತೇನೆ. ಆ ಚೀಟಿ ಸಿಕ್ಕವರು ನಿಂತಲ್ಲೇ ನಿಂತು, ‘ಇದನ್ನ ನಡೆಯೋಕಾಗಲ್ಲ ಸರ್, ಒಂದೇ ಕ್ಷಣದಲ್ಲಿ ಎಲ್ಲಾ ಕಡೆ ಇರಬೇಕಾಗುತ್ತೆ’ ಎಂದರೆ ಆ ದಿನದ ಪಾಠ ಮುಗಿದ ಹಾಗೆ.

ಕಳೆದ ವರ್ಷ ಪಾಠದ ಕೊನೆಯಲ್ಲಿ, ಉಜಿರೆಯಿಂದ ಕೊಟ್ಟಿಗೆಹಾರಕ್ಕೆ ಚಾರ್ಮಾಡಿ ಘಾಟಿಯನ್ನು ನಿಜವಾಗಿಯೂ ಹತ್ತುವ ಬಸ್ಸಿನ ವೇಗದ ಗ್ರಾಫ್ ಹೇಗಿರಬಹುದು ಊಹಿಸಿ ಎಂದೆ. ಆ ದಾರಿಯಲ್ಲಿ ಓಡಾಡಿದ್ದ ಹುಡುಗಿಯೊಬ್ಬಳು ಪ್ರತಿ ತಿರುವಿಗೂ ಒಂದು ತಗ್ಗು ಬರೆದಳು, ನೇರ ರಸ್ತೆಯಲ್ಲಿ ಸ್ವಲ್ಪ ಏರು, ಎದುರಿಗೆ ಲಾರಿ ಬಂದಲ್ಲಿ ಸೊನ್ನೆ. ಆಮೇಲೆ ತನ್ನ ಗ್ರಾಫನ್ನೇ ಸ್ವಲ್ಪ ಹೊತ್ತು ನೋಡಿ ಕೇಳಿದಳು: ‘ಸರ್, ಇಳಿಯುವಾಗಲೂ ತಿರುವಿಗೆ ಬ್ರೇಕ್ ಹಾಕ್ತಾರೆ ಅಲ್ವಾ? ಹಾಗಾದ್ರೆ ಇದನ್ನ ನೋಡಿ ಬಸ್ಸು ಹತ್ತುತ್ತಿದೆಯೋ ಇಳಿಯುತ್ತಿದೆಯೋ ಹೇಳೋಕೇ ಆಗಲ್ವಲ್ಲ.’