ಪ್ರಶಸ್ತಿ ಸಮಾರಂಭಗಳ ಟಿವಿ ವೀಕ್ಷಣೆ ಕುಸಿದದ್ದು ಹೇಗೆ: ಅಧ್ಯಯನ ಟಿಪ್ಪಣಿ

ಸಿನಿಮಾ ಪ್ರಶಸ್ತಿ ಸಮಾರಂಭಗಳನ್ನು ಟಿವಿಯಲ್ಲಿ ನೋಡುವವರು ಕಡಿಮೆಯಾದದ್ದೇಕೆ ಎಂದು ಕೇಳಿದರೆ "ಒಟಿಟಿ ಬಂತು, ಜನ ಟಿವಿ ಬಿಟ್ಟರು" ಎಂದು ಬರೆದು ಮುಗಿಸುವವರೇ ಹೆಚ್ಚು. ಅದು ಅರ್ಧ ಉತ್ತರ. ಯಾರು ಗೆದ್ದರು ಎಂಬ ಸುದ್ದಿ, ಸಮಾರಂಭದ ಎರಡು ನಿಮಿಷದ ತುಣುಕು, ಮೂರೂವರೆ ಗಂಟೆಯ ಪೂರ್ತಿ ಪ್ರಸಾರ: ಇವು ಮೂರೂ ಬೇರೆ ಬೇರೆ. ಬೇಡಿಕೆ ಕುಸಿದದ್ದು ಮೂರನೆಯದಕ್ಕೆ. ಕೊಣಾಜೆಯಲ್ಲೋ ಮಣಿಪಾಲದಲ್ಲೋ ಮಾಧ್ಯಮ ಅಧ್ಯಯನ ಮಾಡುತ್ತಿರುವವರು ಮೊದಲು ಈ ಮೂರನ್ನು ಬಿಡಿಸಿಕೊಳ್ಳಬೇಕು.

ಅಂಕಿಅಂಶ ಚೆನ್ನಾಗಿ ಸಿಗುವುದು ಆಸ್ಕರ್‌ಗೆ, ಹಾಗಾಗಿ ಅಲ್ಲಿಂದ ಶುರುಮಾಡೋಣ. 'ಟೈಟಾನಿಕ್' ಗೆದ್ದ 1998ರಲ್ಲಿ ಅಮೆರಿಕದಲ್ಲಿ ಸುಮಾರು 5.5 ಕೋಟಿ ಜನ ನೋಡಿದ್ದರು. 2014ರಲ್ಲಿ 4.37 ಕೋಟಿ, 2018ರಲ್ಲಿ 2.65 ಕೋಟಿ, 2020ರಲ್ಲಿ 2.36 ಕೋಟಿ, 2021ರಲ್ಲಿ ಬರೀ 1.04 ಕೋಟಿ. ಆಮೇಲೆ ಸ್ವಲ್ಪ ಚೇತರಿಸಿಕೊಂಡು 2025ರಲ್ಲಿ 1.97 ಕೋಟಿಗೆ ಬಂತು. ಇಲ್ಲಿ ತುಂಬಾ ಜನ ಎಡವುವ ಜಾಗವೊಂದಿದೆ: ಕುಸಿತವನ್ನು ಕೋವಿಡ್ ತಲೆಗೆ ಕಟ್ಟುವುದು. 2020ರ ಸಮಾರಂಭ ನಡೆದದ್ದು ಫೆಬ್ರವರಿ 9ರಂದು, ಲಾಕ್‌ಡೌನ್‌ಗಿಂತ ಮೊದಲು. 2014ರಿಂದ ಅಲ್ಲಿಯವರೆಗೆ ಆಗಲೇ ಶೇ 46ರಷ್ಟು ನೋಡುಗರು ಕಳಚಿಕೊಂಡಿದ್ದರು. ಕೋವಿಡ್ ವಿವರಿಸುವುದು 2021ರ ಗುಂಡಿಯನ್ನು ಮಾತ್ರ, ಇಳಿಜಾರನ್ನಲ್ಲ.

ಈ ಸಂಖ್ಯೆಗಳು ಏನನ್ನು ಅಳೆಯುತ್ತವೆ ಎಂಬುದನ್ನು ಲೆಕ್ಕ ಮಾಡಿಯೇ ತಿಳಿಯಬೇಕು. ಹತ್ತು ಮನೆ, 180 ನಿಮಿಷದ ಕಾರ್ಯಕ್ರಮ ಎಂದಿಟ್ಟುಕೊಳ್ಳಿ. ಮೂರು ಮನೆಯವರು ಪೂರ್ತಿ ನೋಡಿದರು, ಎರಡು ಮನೆಯವರು 60 ನಿಮಿಷ, ಉಳಿದ ಐದು ಮನೆಯವರು ಚಾನೆಲ್ ತಿರುಗಿಸುವಾಗ 6 ನಿಮಿಷ. ಒಟ್ಟು 540 + 120 + 30 = 690 ನಿಮಿಷ. ಅದನ್ನು 180ರಿಂದ ಭಾಗಿಸಿದರೆ 3.8 ಮನೆ. ಇದು ಪ್ರತಿ ನಿಮಿಷದ ಸರಾಸರಿ ವೀಕ್ಷಣೆ. ಆದರೆ 'ತಲುಪಿದ ಮನೆಗಳು' ಎಂದು ಹೇಳಿದರೆ ಹತ್ತಕ್ಕೆ ಹತ್ತೂ ಆಯಿತು! ಚಾನೆಲ್‌ಗಳ ಜಾಹೀರಾತಿನಲ್ಲಿ ಬರುವ ದೊಡ್ಡ ಸಂಖ್ಯೆ ಸಾಮಾನ್ಯವಾಗಿ ಎರಡನೆಯದು. ಒಂದು ವರ್ಷದ ಸರಾಸರಿಯನ್ನು ಇನ್ನೊಂದು ವರ್ಷದ ತಲುಪುವಿಕೆಯ ಪಕ್ಕದಲ್ಲಿ ಇಟ್ಟರೆ ನಕ್ಷೆಯೇ ಸುಳ್ಳಾಗುತ್ತದೆ. ಅಳತೆಗೋಲೂ ಬದಲಾಗಿದೆ. ಅಮೆರಿಕದಲ್ಲಿ ಟಿವಿ ವೀಕ್ಷಣೆ ಅಳೆಯುವ ನೀಲ್ಸನ್ ಸಂಸ್ಥೆ 2020ರ ಕೊನೆಯ ಭಾಗದಿಂದ ಹೋಟೆಲು, ಬಾರುಗಳಂಥ ಮನೆಯಾಚೆಯ ವೀಕ್ಷಣೆಯನ್ನೂ ರಾಷ್ಟ್ರೀಯ ಲೆಕ್ಕಕ್ಕೆ ಸೇರಿಸಿತು. 2025ರ ಅಂಕಿಯಲ್ಲಿ ಹುಲು ಎಂಬ ಸ್ಟ್ರೀಮಿಂಗ್ ಸೇವೆಯ ನೋಡುಗರೂ ಇದ್ದಾರೆ. ಅಂದರೆ ಹಳೆಯ ಅಳತೆಯಲ್ಲಿ ಅಳೆದರೆ ಚೇತರಿಕೆ ಇನ್ನೂ ಸಣ್ಣದು.

ಇನ್ನು ಕಾರಣಗಳು. ಸ್ಪರ್ಧೆಯಲ್ಲಿರುವ ಚಿತ್ರಗಳನ್ನು ಜನ ನೋಡಿರಬೇಕು, ಇದು ಮೊದಲನೆಯದು. 'ಲಾರ್ಡ್ ಆಫ್ ದಿ ರಿಂಗ್ಸ್' ಸರಣಿಯ ಕೊನೆಯ ಚಿತ್ರ ಗೆದ್ದ 2004ರಲ್ಲಿ 4.35 ಕೋಟಿ ನೋಡುಗರಿದ್ದರೆ, 'ನೋ ಕಂಟ್ರಿ ಫಾರ್ ಓಲ್ಡ್ ಮೆನ್' ಗೆದ್ದ 2008ರಲ್ಲಿ ಸುಮಾರು 3.2 ಕೋಟಿ. ಆಸ್ಕರ್ ಕೊಡುವ ಅಕಾಡೆಮಿಗೂ ಇದು ಅರ್ಥವಾಗಿತ್ತು. 2009ರಲ್ಲಿ ಅತ್ಯುತ್ತಮ ಚಿತ್ರದ ನಾಮನಿರ್ದೇಶನಗಳನ್ನು ಐದರಿಂದ ಹತ್ತಕ್ಕೆ ಏರಿಸಿದರು. 'ಅವತಾರ್' ಸ್ಪರ್ಧೆಯಲ್ಲಿದ್ದ 2010ರಲ್ಲಿ ಸಂಖ್ಯೆ ಮತ್ತೆ 4 ಕೋಟಿ ದಾಟಿತು. 2018ರಲ್ಲಿ 'ಜನಪ್ರಿಯ ಚಿತ್ರ' ಎಂಬ ಪ್ರತ್ಯೇಕ ವಿಭಾಗ ಘೋಷಿಸಿ, ಟೀಕೆ ಬಂದ ಮೇಲೆ ಒಂದೇ ತಿಂಗಳಲ್ಲಿ ಕೈಬಿಟ್ಟರು.

ಎರಡನೆಯ ಕಾರಣವೇ ನಮ್ಮ ದೃಷ್ಟಿಯಲ್ಲಿ ಮುಖ್ಯ: ಕುತೂಹಲ ಮೊದಲೇ ಕರಗಿಹೋಗಿರುತ್ತದೆ. ಆಸ್ಕರ್‌ಗೆ ಮುನ್ನ ಗೋಲ್ಡನ್ ಗ್ಲೋಬ್, ಬಾಫ್ಟಾ, ನಟರ ಮತ್ತು ನಿರ್ದೇಶಕರ ಸಂಘಗಳ ಪ್ರಶಸ್ತಿಗಳು ಸಾಲಾಗಿ ಬರುತ್ತವೆ. ಅದೇ ಕಲಾವಿದರು, ಹೆಚ್ಚುಕಡಿಮೆ ಅದೇ ಭಾಷಣ. ನೇರಪ್ರಸಾರವೇ ಸತ್ತಿದೆ ಎನ್ನುವಂತಿಲ್ಲ. ಅಮೆರಿಕದಲ್ಲಿ 2025ರ ಸೂಪರ್ ಬೌಲ್ ಫುಟ್‌ಬಾಲ್ ಪಂದ್ಯವನ್ನು 12 ಕೋಟಿಗೂ ಹೆಚ್ಚು ಜನ ನೋಡಿದರು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಕರಾವಳಿಯ ಕಂಬಳವನ್ನೇ ನೋಡಿ. ಶನಿವಾರ ಶುರುವಾದದ್ದು ಭಾನುವಾರದವರೆಗೂ ನಡೆಯುತ್ತದೆ, ಕನೆಹಲಗೆಯಿಂದ ನೇಗಿಲು ಕಿರಿಯದವರೆಗೆ ಆರು ವಿಭಾಗ. ಯೂಟ್ಯೂಬ್ ನೇರಪ್ರಸಾರವನ್ನು ನಡುರಾತ್ರಿಯಲ್ಲೂ ಬಿಡದೆ ನೋಡುವವರಿದ್ದಾರೆ, ಏಕೆಂದರೆ ಓಟ ಮುಗಿಯುವ ಕೊನೆಯಾದ ಮಂಜೊಟ್ಟಿ ಮುಟ್ಟುವವರೆಗೆ ಯಾವ ಜೋಡಿ ಗೆಲ್ಲುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ದೀರ್ಘವಾದದ್ದರಿಂದ ಜನ ನೋಡುವುದಿಲ್ಲ ಎಂಬ ವಾದ ಇಲ್ಲಿಗೇ ಬಿದ್ದುಹೋಗುತ್ತದೆ.

ಭಾರತದ ಖಾಸಗಿ ಪ್ರಶಸ್ತಿಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಬಹುತೇಕ ಸಮಾರಂಭಗಳನ್ನು ಚಿತ್ರೀಕರಿಸಿ, ಸಂಕಲನ ಮಾಡಿ, ದಿನಗಳೋ ವಾರಗಳೋ ಕಳೆದ ಮೇಲೆ ಪ್ರಸಾರ ಮಾಡುತ್ತಾರೆ. ವಿಜೇತರ ಪಟ್ಟಿ ಅದೇ ರಾತ್ರಿ ವಾಟ್ಸಾಪ್‌ನಲ್ಲಿ ಬಂದಿರುತ್ತದೆ. ಉಳಿಯುವುದು ನೃತ್ಯ, ನಿರೂಪಕರ ಹಾಸ್ಯ, ಪ್ರಾಯೋಜಕರ ಹೆಸರಿನ ವಿಶೇಷ ಪ್ರಶಸ್ತಿಗಳು. ಗಂಟೆಗೆ 12 ನಿಮಿಷ ಜಾಹೀರಾತಿಗೆ ನಿಯಮವೇ ಅವಕಾಶ ಕೊಡುವುದರಿಂದ ನಾಲ್ಕು ಗಂಟೆಯ ಪ್ರಸಾರದಲ್ಲಿ 48 ನಿಮಿಷ ಅಲ್ಲೇ ಹೋಯಿತು.

ಸರ್ಕಾರಿ ಪ್ರಶಸ್ತಿಗಳ ಕಥೆ ಬೇರೆ, ಅಲ್ಲಿ ಪ್ರಕಟಣೆಯೇ ದೊಡ್ಡ ಸುದ್ದಿ. 'ಕಾಂತಾರ'ಕ್ಕಾಗಿ ರಿಷಬ್ ಶೆಟ್ಟಿಯವರಿಗೆ ರಾಷ್ಟ್ರಪ್ರಶಸ್ತಿ ಪ್ರಕಟವಾದದ್ದು 2024ರ ಆಗಸ್ಟ್ 16ರಂದು, ಪ್ರದಾನವಾದದ್ದು ಅಕ್ಟೋಬರ್ 8ರಂದು. ನಡುವೆ 53 ದಿನ. ಕುಂದಾಪುರದ ಕಡೆ ಸಂಭ್ರಮ ಪಟ್ಟವರೆಲ್ಲ ಪ್ರದಾನ ಸಮಾರಂಭವನ್ನು ಟಿವಿಯಲ್ಲಿ ನೋಡಿದರೇ ಎಂಬುದು ಕ್ಷೇತ್ರಕಾರ್ಯಕ್ಕೆ ಒಳ್ಳೆಯ ಪ್ರಶ್ನೆ. ರಾಜ್ಯ ಪ್ರಶಸ್ತಿಯ ಅಂತರ ಇನ್ನೂ ದೊಡ್ಡದು: 2021ನೇ ಸಾಲಿನದು ಪ್ರಕಟವಾದದ್ದು 2025ರ ಅಕ್ಟೋಬರ್‌ನಲ್ಲಿ.

ಕ್ಷೇತ್ರಕಾರ್ಯವನ್ನು ನೀವೇ ಮಾಡಬೇಕಾಗುತ್ತದೆ. ಭಾರತದಲ್ಲಿ ಟಿವಿ ವೀಕ್ಷಣೆ ಅಳೆಯುವ ಬಾರ್ಕ್ ಸಂಸ್ಥೆ ವಾರಕ್ಕೊಮ್ಮೆ ಬಿಡುಗಡೆ ಮಾಡುವ ಸಾರ್ವಜನಿಕ ಪಟ್ಟಿಯಲ್ಲಿ ದಕ್ಷಿಣ ಕನ್ನಡ, ಉಡುಪಿಗೆ ಪ್ರತ್ಯೇಕ ಅಂಕಿ ಇರುವುದಿಲ್ಲ. ನಲವತ್ತು ಜನ ಸಾಕು, ಆದರೆ ಎಲ್ಲರೂ ಕ್ಯಾಂಪಸ್ಸಿನವರಾಗಬಾರದು. ಮಂಗಳೂರು ಹಂಪನಕಟ್ಟೆಯ ಅಂಗಡಿಯವರು, ಮಲ್ಪೆ ಬಂದರಿನವರು, ಉಡುಪಿಯ ರಥಬೀದಿಯ ಹಿರಿಯರು, ಮನೆಯಲ್ಲೇ ಇರುವ ಹೆಂಗಸರು, ಇವರೆಲ್ಲ ಸೇರಲಿ. "ಪ್ರಶಸ್ತಿ ಕಾರ್ಯಕ್ರಮಗಳಲ್ಲಿ ಆಸಕ್ತಿ ಇದೆಯೇ?" ಎಂದು ಕೇಳಬೇಡಿ, ಮರ್ಯಾದೆಗೆ ಹೌದು ಎನ್ನುತ್ತಾರೆ. ಒಂದು ಸಮಾರಂಭದ ಹೆಸರು ಹೇಳಿ, ಪ್ರಸಾರವಾದ ಏಳು ದಿನದೊಳಗೆ ಮೂರು ಪ್ರಶ್ನೆ ಕೇಳಿ: ಕೂತು 15 ನಿಮಿಷವಾದರೂ ನೋಡಿದಿರಾ? ಮೊಬೈಲಿನಲ್ಲಿ ತುಣುಕು ನೋಡಿದಿರಾ? ಗೆದ್ದವರ ಹೆಸರು ಒಂದಾದರೂ ಹೇಳಬಲ್ಲಿರಾ? ತಡವಾದರೆ ಸೈಮಾ, ಫಿಲ್ಮ್‌ಫೇರ್, ಐಫಾ ಎಲ್ಲ ನೆನಪಿನಲ್ಲಿ ಬೆರೆತುಹೋಗುತ್ತವೆ. ತುಳು, ಕೊಂಕಣಿ, ಬ್ಯಾರಿ ಮನೆಗಳಲ್ಲಿ ಅವರ ಭಾಷೆಯಲ್ಲೇ ಕೇಳಿ, ಉತ್ತರ ಉದ್ದವಾಗಿ ಸಿಗುತ್ತದೆ. ಮಲಯಾಳ, ಹಿಂದಿ ಚಾನೆಲ್ ನೋಡುವ ಮನೆಗಳನ್ನು ಬೇರೆ ಕಾಲಮ್ಮಿಗೆ ಹಾಕಿ.

ಆಸ್ಕರ್ ಬಗ್ಗೆ ಕೇಳುವುದಾದರೆ ಹೊತ್ತನ್ನು ಗಮನಿಸಿ. ಇತ್ತೀಚೆಗೆ ಅದು ನಮಗೆ ಸೋಮವಾರ ನಸುಕಿನ 4:30ಕ್ಕೆ ಅಥವಾ 5:30ಕ್ಕೆ ಶುರುವಾಗುತ್ತದೆ. ಅಮೆರಿಕದವರು ಗಡಿಯಾರ ಮುಂದೆ ಮಾಡಿದ್ದಾರೋ ಇಲ್ಲವೋ ಎಂಬುದರ ಮೇಲೆ ಈ ಒಂದು ಗಂಟೆಯ ವ್ಯತ್ಯಾಸ. 2023ರಲ್ಲಿ 'ನಾಟು ನಾಟು' ಗೆದ್ದದ್ದು ಕೂಡ ಸೋಮವಾರ ಬೆಳಿಗ್ಗೆಯೇ. ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ ಪ್ರಸಾರ ನೋಡದೆ ತುಣುಕನ್ನಷ್ಟೇ ನೋಡಿದವರನ್ನು 'ಆಸಕ್ತಿ ಇಲ್ಲದವರು' ಎಂಬ ಸಾಲಿಗೆ ಸೇರಿಸಬೇಡಿ.

ಆಸ್ಕರ್ 2029ರಿಂದ ಯೂಟ್ಯೂಬ್‌ಗೆ ಹೋಗುತ್ತದೆ. 2028ರ ನೂರನೆಯ ಸಮಾರಂಭದವರೆಗೆ ಎಬಿಸಿ ವಾಹಿನಿಯಲ್ಲೇ ಇರುತ್ತದೆ. ಯೂಟ್ಯೂಬ್‌ನ ಒಂದು 'ವ್ಯೂ' ಪ್ರತಿ ನಿಮಿಷದ ಸರಾಸರಿಗೆ ಸಮವಲ್ಲ. ಆದ್ದರಿಂದ ಆ ವರ್ಷದ ಅಂಕಿ ಕೈಗೆ ಬಂದಾಗ ಹಳೆಯ ಗೆರೆಯನ್ನು ಮುಂದುವರಿಸದೆ 2028ಕ್ಕೆ ನಿಲ್ಲಿಸಿ, ಪಕ್ಕದಲ್ಲಿ ಹೊಸ ನಕ್ಷೆ ಶುರುಮಾಡಿ.